ಅಂಟಾಂಟಿ ಯಾರ ಮನೆಯವಳು

ಲೋಳೆ ಕಲಸುವುದೂ ಒಂದು ಉದ್ಯೋಗವೇ ಎಂದು ಮೂಗು ಮುರಿಯುವವರು ಒಂದು ಸಲ ಮಕ್ಕಳ ಹಿಂಡಿನ ನಡುವೆ ನಿಂತು ಕಲಸಿ ನೋಡಬೇಕು. ಆಮೇಲೆ ಮಾತಾಡಲಿ. ಅಂಗಡಿಯಲ್ಲಿ ಡಬ್ಬಿಗಟ್ಟಲೆ ಸ್ಲೈಮ್ ಸಿಗುತ್ತದೆ, ನಿಜ. ಆದರೆ ಕಣ್ಣೆದುರೇ ಕಲಸಿ, ಬಣ್ಣ ಹಾಕಿ, ತಾವೇ ಮಾಡಿದೆವೆಂದು ಮನೆಗೆ ಒಯ್ಯುವ ಸ್ಲೈಮಿಗೆ ಈಗ ಎಲ್ಲಿಲ್ಲದ ಬೇಡಿಕೆ. ಹುಟ್ಟುಹಬ್ಬಕ್ಕೆ ಕೇಕು, ಬಲೂನು ಇದ್ದರೆ ಸಾಲದು. ಮೂಲೆಯಲ್ಲೊಂದು ಸ್ಲೈಮ್ ಮೇಜು ಇರಬೇಕು, ಅದರ ಹಿಂದೆ ಏಪ್ರನ್ ಕಟ್ಟಿಕೊಂಡ ಒಬ್ಬ ಹೆಂಗಸು ಇರಬೇಕು. ಆ ಹೆಂಗಸನ್ನು ಮಕ್ಕಳು ಮೊದಮೊದಲು ಅಂಟಿನ ಆಂಟಿ ಎಂದು ಕರೆದರು. ಅವಸರದ ಬಾಯಲ್ಲಿ ಅದು ಸವೆದು ಅಂಟಾಂಟಿ ಆಯಿತು. ಪಾರ್ಟಿ ಕಂಟ್ರಾಕ್ಟರನೂ ಈಗ ಫೋನಿನಲ್ಲಿ ಹಾಗೆಯೇ ಕರೆಯುತ್ತಾನೆ. ಆಕೆಗೆ ಅದರಿಂದ ಬೇಸರವೇನಿಲ್ಲ, ಕರೆದರೆ ಸಾಕು.

ನುಣುಪು ಸ್ಲೈಮನ್ನು ಯಾರು ಬೇಕಾದರೂ ಮಾಡಿಯಾರು. ಬಿಳಿ ಅಂಟಿಗೆ ಒಂದಿಷ್ಟು ನೀರು, ಚಿಟಿಕೆ ಅಡುಗೆ ಸೋಡ, ಮೇಲೆ ಕಣ್ಣಿನ ಲೆನ್ಸ್ ತೊಳೆಯುವ ದ್ರಾವಣವನ್ನು ಹನಿ ಹನಿಯಾಗಿ ಬಿಡುತ್ತ ಕಲಸಿದರೆ ಆಯಿತು. ಕಷ್ಟವಿರುವುದು ತರಿತರಿಯಾದ ಸ್ಲೈಮಿನಲ್ಲಿ. ಥರ್ಮಕೋಲಿನ ಸಣ್ಣ ಗುಳಿಗೆ ಹಾಕಿದರೆ ಒಂದು ಬಗೆ, ಸ್ಟ್ರಾವನ್ನು ಚಿಕ್ಕದಾಗಿ ಕತ್ತರಿಸಿ ಹಾಕಿದರೆ ಇನ್ನೊಂದು, ಜರಡಿ ಹಿಡಿದ ಮರಳಿಗೆ ಮತ್ತೊಂದು, ಶೇವಿಂಗ್ ನೊರೆ ಬೆರೆಸಿದರೆ ಅದರ ಹದವೇ ಬೇರೆ. ತುಸು ಹೆಚ್ಚಾದರೆ ಉದುರುತ್ತದೆ, ತುಸು ಕಡಿಮೆಯಾದರೆ ಮಕ್ಕಳು ಮುಖ ಸಿಂಡರಿಸುತ್ತಾರೆ. ಈ ಹದವನ್ನು ಅಂಟಾಂಟಿ ಕಣ್ಣಿನಿಂದ ನೋಡುವುದಿಲ್ಲ, ಬೆರಳಿನಿಂದಲೂ ನೋಡುವುದಿಲ್ಲ. ಒಂದು ಹಿಡಿ ತೆಗೆದು ಕಿವಿಯ ಹತ್ತಿರ ತಂದು, ತಲೆ ಓರೆ ಮಾಡಿ, ಮೆಲ್ಲಗೆ ಹಿಂಡುತ್ತಾಳೆ. ಸದ್ದು ಬಿಡಿಬಿಡಿಯಾಗಿ ಬಂದರೆ ಸರಿ. ಸದ್ದೇ ಇಲ್ಲದಿದ್ದರೆ ದ್ರಾವಣ ಹೆಚ್ಚಾಗಿ ರಬ್ಬರಾಗಿದೆ ಎಂದು ಅರ್ಥ. ಇದನ್ನು ಆಕೆಗೆ ಯಾರೂ ಹೇಳಿಕೊಟ್ಟದ್ದಲ್ಲ, ಮಾಡಿ ಮಾಡಿ ಕಿವಿಗೆ ಬಂದದ್ದು.

ಮನೆ ಎಂದರೆ ಎರಡು ಕೋಣೆ. ಗಂಡ ಲಾರಿ ಡ್ರೈವರು, ಮನೆಯಲ್ಲಿರುವುದಕ್ಕಿಂತ ರಸ್ತೆಯಲ್ಲಿರುವುದೇ ಹೆಚ್ಚು. ಅಡುಗೆಕೋಣೆಯ ಅರ್ಧಭಾಗವನ್ನು ಅಂಟಿನ ಕ್ಯಾನು, ಬಣ್ಣದ ಶೀಶೆ, ಗುಳಿಗೆಯ ಮೂಟೆಗಳು ಆಕ್ರಮಿಸಿಕೊಂಡಿವೆ. "ನಿಮ್ಮಮ್ಮನ ಲ್ಯಾಬಲ್ಲಿ ಅನ್ನ ಸಿಗುತ್ತಾ ನೋಡು" ಎಂದು ಗಂಡ ಬಂದಾಗಲೆಲ್ಲ ಮಗಳನ್ನು ಕೇಳಿ ನಗುತ್ತಾನೆ. ಆ ಮಾತನ್ನು ಮಗಳು ಎಲ್ಲಿಗೆ ಒಯ್ದಿದ್ದಾಳೆ ಎಂದು ಗಂಡಹೆಂಡತಿ ಇಬ್ಬರಿಗೂ ಗೊತ್ತಿರಲಿಲ್ಲ.

ಮಗಳಿಗೆ ಒಂಬತ್ತು ವರ್ಷ. ಈ ವರ್ಷವಷ್ಟೇ ಹೊಸ ಶಾಲೆಗೆ ಸೇರಿದ್ದಳು, ಸ್ವಲ್ಪ ದೊಡ್ಡವರ ಮಕ್ಕಳೇ ಹೋಗುವ ಶಾಲೆ. ಒಂದು ಸಂಜೆ ಅವಳು ಚೀಲದಿಂದ ಮಿನುಗುವ ಆಮಂತ್ರಣವೊಂದನ್ನು ತೆಗೆದು ತೋರಿಸಿದಳು. ಅದರಲ್ಲಿದ್ದ ವಿಳಾಸ ಓದಿದ ಅಂಟಾಂಟಿ, ಕಂಟ್ರಾಕ್ಟರ್ ಕಳಿಸಿದ್ದ ವಿಳಾಸವನ್ನು ಫೋನಿನಲ್ಲಿ ತೆಗೆದು ಪಕ್ಕದಲ್ಲಿಟ್ಟಳು. ಅದೇ ಬೀದಿ, ಅದೇ ಮನೆ, ಅದೇ ಭಾನುವಾರ.

"ನೋಡೇ, ನಾವಿಬ್ರೂ ಒಂದೇ ಪಾರ್ಟಿಗೆ!" ಎಂದು ಆಕೆ ಹಿಗ್ಗಿದಳು. ಮಗಳ ಮುಖ ಮಾತ್ರ ಬಾಡಿಹೋಯಿತು. ಕಾರಣ ಹೊರಬಿದ್ದದ್ದು ಮಾರನೆಯ ದಿನ, ಇಬ್ಬರೂ ಕುಳಿತು ಸ್ಟ್ರಾ ಕತ್ತರಿಸುತ್ತಿದ್ದಾಗ.

"ಅಮ್ಮಾ, ಒಂದು ಮಾತು ಹೇಳ್ತೀನಿ, ಬೈಬಾರ್ದು."

"ಮೊದ್ಲು ಹೇಳು. ಬೈಯೋದು ಬಿಡೋದು ಆಮೇಲಿನ ಮಾತು."

"ಅಲ್ಲಿ ನೀನು ನನ್ನ ಗುರುತು ಹಿಡೀಬಾರ್ದು. ನಾನೂ ನಿನ್ನ ಗುರುತು ಹಿಡಿಯಲ್ಲ."

"ಯಾಕೆ, ನಾನೇನು ಕದ್ದು ಓಡಿ ಬಂದಿದೀನಾ?"

ಮಗಳು ಕತ್ತರಿ ಕೆಳಗಿಟ್ಟಳು. "ಕ್ಲಾಸಲ್ಲಿ ಎಲ್ಲರ ಅಪ್ಪ ಅಮ್ಮ ಏನ್ ಕೆಲಸ ಮಾಡ್ತಾರೆ ಅಂತ ಮಿಸ್ ಕೇಳಿದ್ರು. ನನ್ನ ಮುಂದೆ ಇದ್ದೋಳು ಅವಳಮ್ಮ ಜಡ್ಜು ಅಂದ್ಲು. ನಾನು... ನಮ್ಮಮ್ಮ ವಿಜ್ಞಾನಿ ಅಂದ್ಬಿಟ್ಟೆ. ಲ್ಯಾಬಲ್ಲಿ ಹೊಸ ಹೊಸ ವಸ್ತು ಕಂಡುಹಿಡೀತಾರೆ ಅಂತ."

ಅಂಟಾಂಟಿಗೆ ನಗು ಉಕ್ಕಿ ಬಂತು. ಹೊಟ್ಟೆ ಹಿಡಿದುಕೊಂಡು ನಕ್ಕಳು. "ವಿಜ್ಞಾನಿನಾ? ಅಯ್ಯೋ, ಮೊದ್ಲೇ ಹೇಳಿದ್ರೆ ಒಂದು ಬಿಳಿ ಕೋಟಾದ್ರೂ ಹೊಲಿಸ್ಕೋತಿದ್ನಲ್ಲೇ!" ಮಗಳು ನಗಲಿಲ್ಲ. ಕಣ್ಣಲ್ಲಿ ನೀರು ತುಂಬಿಕೊಂಡು ನೆಲ ನೋಡುತ್ತಿದ್ದಳು. ನಗು ಅಲ್ಲಿಗೇ ನಿಂತಿತು.

ಆಕೆ ಬೇರೆ ದಾರಿ ಯೋಚಿಸದೆ ಇರಲಿಲ್ಲ. ಬರುವುದಿಲ್ಲ ಎಂದರೆ ಕಂಟ್ರಾಕ್ಟರ್ ಮುಂದಿನ ಸಲ ಬೇರೆಯವರಿಗೆ ಫೋನ್ ಮಾಡುತ್ತಾನೆ, ಆ ಬೇರೆಯವರೂ ಸಾಲುಗಟ್ಟಿ ಕಾದಿದ್ದಾರೆ. ಹೋಗಬೇಡ ಎಂದು ಮಗಳಿಗೆ ಹೇಳಲು ಬಾಯಿ ಬರಲಿಲ್ಲ, ಏಕೆಂದರೆ ಆ ಶಾಲೆಯಲ್ಲಿ ಅವಳನ್ನು ಒಬ್ಬರು ಮನೆಗೆ ಕರೆದದ್ದು ಇದೇ ಮೊದಲು.

"ಆಯ್ತು ಬಿಡು. ಅಲ್ಲಿ ನಾನು ಆಂಟಿ, ನೀನು ಯಾರೋ ಪಾಪು. ಸರೀನಾ?"

ಮಗಳು ಮೂಗು ಒರೆಸಿಕೊಂಡು ತಲೆಯಾಡಿಸಿ ಮತ್ತೆ ಕತ್ತರಿ ಹಿಡಿದಳು. ಒಪ್ಪಂದ ಅಷ್ಟು ಸಲೀಸಾಗಿ ಮುಗಿದದ್ದೇ ಅಂಟಾಂಟಿಗೆ ಸರಿಬರಲಿಲ್ಲ. ಒಂದು ಮಧ್ಯಾಹ್ನದ ನಾಟಕ, ಅದರಲ್ಲೇನಿದೆ ಎಂದು ತನಗೆ ತಾನೇ ಹೇಳಿಕೊಂಡಳು. ಆದರೂ ಒಂದು ಪ್ರಶ್ನೆ ಒಳಗೆ ಕೊರೆಯುತ್ತಲೇ ಇತ್ತು. ಈಗ ನಾಟಕಕ್ಕೆಂದು ಗೊತ್ತಿಲ್ಲ ಅನ್ನುವವಳು, ರೂಢಿಯಾಗಿ ಹೋಗಿ, ಮುಂದೆ ಎಲ್ಲ ಕಡೆಯೂ ಗೊತ್ತಿಲ್ಲ ಎಂದರೆ? ನಾಲ್ಕು ಜನರ ಎದುರು ಮಗಳು ತನ್ನನ್ನು ಅಮ್ಮ ಎನ್ನುತ್ತಾಳೋ ಇಲ್ಲವೋ ಎನ್ನುವುದು ಸಣ್ಣ ವಿಷಯವಲ್ಲ ಎಂದು ಆಕೆಗೆ ಅನ್ನಿಸಿತು.

ಭಾನುವಾರ ಅಂಟಾಂಟಿ ಮೊದಲೇ ಹೋಗಿ ಮೇಜು ಸಜ್ಜುಗೊಳಿಸಿದಳು. ಆ ಮನೆಯ ಹಜಾರದಲ್ಲಿ ಆಕೆಯ ಎರಡು ಕೋಣೆಗಳನ್ನು ಇಟ್ಟು ಮೇಲೆ ಬಾಗಿಲು ಹಾಕಬಹುದಿತ್ತು. ನೆಲಕ್ಕೆ ತಿಳಿಬಣ್ಣದ ದಪ್ಪ ಕಾರ್ಪೆಟ್ಟು. ಸ್ಲೈಮಿಗೂ ಕಾರ್ಪೆಟ್ಟಿಗೂ ಎಣ್ಣೆ ಸೀಗೇಕಾಯಿ. ತಂದಿದ್ದ ಪ್ಲಾಸ್ಟಿಕ್ ಹಾಳೆಗಳನ್ನೆಲ್ಲ ಹಾಸಿ, ಅಂಚಿಗೆ ಟೇಪು ಅಂಟಿಸಿ, ಅಂಟು ಬಿಡಿಸಲು ಒಂದು ಬಾಟಲಿ ವಿನೆಗರನ್ನೂ ಕೈಗೆಟುಕುವಂತೆ ಇಟ್ಟುಕೊಂಡಳು. ಮನೆಯೊಡತಿ ಒಳ್ಳೆಯ ಹೆಂಗಸೇ. ಬಂದವಳಿಗೆ ಕುಡಿಯಲು ನೀರು ಕೊಟ್ಟಳು, ನೀವು ಎಂದೇ ಮಾತಾಡಿಸಿದಳು, ನಡುನಡುವೆ ಬಂದು ಕಾರ್ಪೆಟ್ಟು ನೋಡಿ ಹೋದಳು.

ಮಕ್ಕಳು ಒಬ್ಬೊಬ್ಬರಾಗಿ ಬಂದರು. ಅಂಟಾಂಟಿಯ ಪಕ್ಕದ ಮನೆಯ ದರ್ಜಿ ತನ್ನ ಸ್ಕೂಟರಿನಲ್ಲಿ ಆಕೆಯ ಮಗಳನ್ನು ಕರೆತಂದು ಗೇಟಿನಲ್ಲಿ ಬಿಟ್ಟು ಹೋದ. ಅವಳು ಇಸ್ತ್ರಿ ಮಾಡಿದ ನೀಲಿ ಫ್ರಾಕಿನಲ್ಲಿ ಒಳಗೆ ಬಂದು, ಹುಟ್ಟುಹಬ್ಬದ ಹುಡುಗಿಗೆ ಪೊಟ್ಟಣ ಕೊಟ್ಟು, ಸ್ಲೈಮ್ ಮೇಜಿನ ಕಡೆ ಒಂದೇ ಒಂದು ಸಲ ನೋಡಿ ಕಣ್ಣು ತಿರುಗಿಸಿಕೊಂಡಳು. ಚೆನ್ನಾಗಿಯೇ ನಟಿಸುತ್ತಾಳೆ ಎಂದುಕೊಂಡಳು ತಾಯಿ. ಅಷ್ಟು ಚೆನ್ನಾಗಿ ನಟಿಸಬೇಕಾಗಿರಲಿಲ್ಲ ಎಂದೂ ಅನ್ನಿಸಿತು.

ಕೇಕು ಮುಗಿದ ಮೇಲೆ ಮಕ್ಕಳೆಲ್ಲ ಮೇಜಿನ ಸುತ್ತ ಮುತ್ತಿಗೆ ಹಾಕಿದರು. ಒಬ್ಬೊಬ್ಬರ ಮುಂದೂ ಒಂದು ಬಟ್ಟಲು, ಒಂದು ಮರದ ಚಮಚ. ಅಂಟಾಂಟಿ ಸಾಲಾಗಿ ಎಲ್ಲರನ್ನೂ ಕೇಳುತ್ತ ಬಂದಳು.

"ನಿಮಗ್ಯಾವ್ದು ಬೇಕಮ್ಮ? ಕರಕರ ಅನ್ನೋದಾ, ಮರಳಿಂದಾ, ಮೆತ್ತಗೆ ನೊರೆ ಥರದ್ದಾ?"

ಸರದಿ ಮಗಳಿಗೆ ಬಂತು. "ಪಾಪು, ನಿಮಗೆ?"

"ಕರಕರ ಅನ್ನೋದು, ಆಂಟಿ," ಎಂದಳು ಮಗಳು ಬಟ್ಟಲು ನೋಡುತ್ತ.

ಮನೆಯಲ್ಲಿ ನೂರಾರು ಬಾರಿ ತಾಯಿಯನ್ನು ಸತಾಯಿಸಿ ಮಾಡಿಸಿಕೊಂಡದ್ದು ಅದನ್ನೇ. ಅಂಟಾಂಟಿ ಒಂದು ಹಿಡಿ ಗುಳಿಗೆ ಹಾಕಿ ಮುಂದೆ ಹೋದಳು.

ಸ್ಲೈಮ್ ಕಲಸುವಾಗ ಎಲ್ಲ ಮಕ್ಕಳೂ ಗಾಬರಿ ಬೀಳುವ ಒಂದು ಘಟ್ಟವಿದೆ. ಅಂಟು ಇನ್ನೂ ಕೂಡಿಕೊಂಡಿರುವುದಿಲ್ಲ, ಬೆರಳಿಗೆಲ್ಲ ಎಳೆಎಳೆಯಾಗಿ ಹತ್ತಿಕೊಳ್ಳುತ್ತದೆ. ಆಗ ತಾಳ್ಮೆಗೆಟ್ಟು ದ್ರಾವಣ ಸುರಿದರೆ ಕೆಟ್ಟಿತು. ಅಂದೂ ಹಾಗೇ ಆಯಿತು. "ಆಂಟಿ, ಬಿಡ್ತಾನೇ ಇಲ್ಲ!" "ಆಂಟಿ, ನನ್ ಕೈ ಹೋಯ್ತು!" ಎಂದು ಎಲ್ಲ ದಿಕ್ಕಿನಿಂದ ಕೂಗು ಎದ್ದಿತು. ಹುಟ್ಟುಹಬ್ಬದ ಹುಡುಗಿಯಂತೂ ಬಾಟಲಿಯನ್ನೇ ಬೋರಲು ಹಾಕಿದಳು, ಅವಳ ಬಟ್ಟಲಲ್ಲಿ ಚೆಂಡಿನಂತೆ ಪುಟಿಯುವ ಗಟ್ಟಿ ಮುದ್ದೆಯೊಂದು ತಯಾರಾಯಿತು. ಅಂಟಾಂಟಿ ಒಬ್ಬೊಬ್ಬರ ಹತ್ತಿರ ಹೋಗಿ ಸಂತೈಸುತ್ತ, ಬಿಡಿಸುತ್ತ, ತನ್ನ ಮಾದರಿ ಮುದ್ದೆಯನ್ನು ಕಿವಿಗೆ ಹಿಡಿದು ಹಿಂಡಿ "ಹೀಗೆ ಸದ್ದು ಬರ್ಬೇಕು" ಎಂದು ತೋರಿಸುತ್ತ ಓಡಾಡಿದಳು.

ಗದ್ದಲ ಮಾಡದೆ ಇದ್ದವಳು ಮಗಳು ಒಬ್ಬಳೇ. ಅಂಟದಿರಲೆಂದು ಅಂಗೈಗೆ ತುಸು ಲೋಷನ್ ಸವರಿಕೊಂಡು, ಅಂಚಿನಿಂದ ನಡುವಿಗೆ ಮಡಚಿ ಮಡಚಿ ತಟ್ಟಿದಳು. ಕೈ ಅದರ ಪಾಡಿಗೆ ಕೆಲಸ ಮಾಡುತ್ತಿತ್ತು, ಗಮನವೆಲ್ಲ ಪಕ್ಕದವಳು ಹೇಳುತ್ತಿದ್ದ ಯಾವುದೋ ಕತೆಯ ಮೇಲಿತ್ತು. ಸ್ಲೈಮ್ ಬಟ್ಟಲು ಬಿಟ್ಟು ಎದ್ದು ಬಂತು. ಅವಳು ಒಂದು ಹಿಡಿ ತೆಗೆದು, ತಲೆ ಓರೆ ಮಾಡಿ, ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಹಿಂಡಿದಳು. ಸಾಲದೆನ್ನಿಸಿತೋ ಏನೋ, ಇನ್ನಷ್ಟು ಗುಳಿಗೆ ಉದುರಿಸಿದಳು. ಮತ್ತೆ ಕಿವಿಗೆ ಹಿಡಿದಳು.

ಮೇಜಿನ ಆಚೆ ಬದಿಯಲ್ಲಿ ಎರಡು ಜಡೆಯ ಹುಡುಗಿಯೊಬ್ಬಳಿದ್ದಳು. ಇಡೀ ಕ್ಲಾಸು ಅವಳನ್ನು ಲಾಯರ್ ಎಂದು ಕರೆಯುತ್ತಿತ್ತು, ಏಕೆಂದರೆ ಅವಳು ಪ್ರಶ್ನೆ ಕೇಳಲು ಶುರುಮಾಡಿದರೆ ಮಿಸ್ಸುಗಳೂ ಬೆವರುತ್ತಿದ್ದರು. ಅವಳು ಕಲಸುವುದನ್ನು ನಿಲ್ಲಿಸಿ ನೋಡುತ್ತಿದ್ದಳು.

"ಏಯ್, ನೀನು ಆಂಟಿ ಥರಾನೇ ಮಾಡ್ತೀಯಲ್ಲ!"

ಮಗಳ ಕೈ ಕಿವಿಯ ಬಳಿಯೇ ನಿಂತುಬಿಟ್ಟಿತು.

"ಅದೇ ಥರ ತಲೆ ಓರೆ ಮಾಡ್ತೀಯ. ನಿನ್ನದು ಒಂದೇ ಸಲಕ್ಕೆ ಬಂತು ಬೇರೆ. ಯಾರು ಹೇಳ್ಕೊಟ್ರು?"

ಸುತ್ತಲಿನವರೆಲ್ಲ ತಿರುಗಿ ನೋಡಿದರು. ಮಗಳು ಒಮ್ಮೆ ಬಾಗಿಲು ನೋಡಿದಳು, ಒಮ್ಮೆ ಬಟ್ಟಲು ನೋಡಿದಳು. ಆಮೇಲೆ ಒಂದೇ ಉಸಿರಿಗೆ ಹೇಳಿದಳು:

"ಈ ಆಂಟಿ ನಮ್ಮನೆ ಕೆಲಸದವರು. ನಮ್ಮನೇಲಿ ಮಾಡ್ತಿರ್ತಾರೆ, ನೋಡಿ ನೋಡಿ ಬಂತು."

ಒಪ್ಪಂದದಲ್ಲಿ ಇದು ಇರಲಿಲ್ಲ. ಗೊತ್ತಿಲ್ಲ ಎನ್ನುವುದು ಬೇರೆ, ಕೆಲಸದವಳು ಎನ್ನುವುದು ಬೇರೆ. ಕೆಲಸದವಳಾಗಿರುವುದರಲ್ಲಿ ಆಕೆಗೆ ನಾಚಿಕೆಯೇನಿರಲಿಲ್ಲ, ಮದುವೆಗೆ ಮೊದಲು ನಾಲ್ಕು ಮನೆಯ ಪಾತ್ರೆ ತೊಳೆದವಳೇ ಆಕೆ. ನೋವಾದದ್ದು ಮಗಳ ಬಾಯಿಗೆ ಆ ಮಾತು ಅಷ್ಟು ಬೇಗ ಒದಗಿದ್ದಕ್ಕೆ. ಆದರೆ ಮಕ್ಕಳೆಲ್ಲ ಈಗ ತನ್ನನ್ನೇ ನೋಡುತ್ತಿದ್ದರು, ಮಗಳೂ ಹೆದರಿದ ಕಣ್ಣಿನಿಂದ ನೋಡುತ್ತಿದ್ದಳು.

"ಹೌದು ಮತ್ತೆ," ಎಂದಳು ಅಂಟಾಂಟಿ, ಟವೆಲಿಗೆ ಕೈ ಒರೆಸುತ್ತ. "ಇವರ ಮನೇಲಿ ನಾನೇ ಎಲ್ಲಾ ಕೆಲಸ ಮಾಡೋದು. ಅಡುಗೆ, ಬಟ್ಟೆ, ಕಸ, ಮುಸುರೆ. ಒಂದಿನ ರಜ ಕೊಟ್ಟಿದ್ದಿಲ್ಲ."

ಲಾಯರಿಗೆ ಇಷ್ಟು ಸಾಕಾಗುತ್ತದೆಯೇ? ಸಾಕ್ಷಿಯೇ ಕೈಗೆ ಸಿಕ್ಕಿದ ಮೇಲೆ ಬಿಡುವುದುಂಟೇ? "ಆಂಟಿ, ಇವಳಮ್ಮ ನಿಜವಾಗ್ಲೂ ವಿಜ್ಞಾನಿನಾ?"

"ಅದನ್ನ ನಾನು ಹೇಗೆ ಹೇಳ್ಲಿ ತಾಯಿ, ಓದಿದೋಳಲ್ಲ. ಹೊತ್ತು ಮೂಡಿದಾಗಿಂದ ಏನಾದ್ರೂ ಕಲಸ್ತಾನೇ ಇರ್ತಾರೆ. ಮನೆ ತುಂಬ ಬಾಟ್ಲಿ."

"ಏನಾದ್ರೂ ಕಂಡುಹಿಡಿದಿದಾರಾ?"

"ಕಳೆದುಹೋದ ಚಮಚ ಕಂಡುಹಿಡೀತಾರೆ. ಇವರಪ್ಪ ಬಚ್ಚಿಟ್ಟ ಬೀಡಿ ಕಂಡುಹಿಡೀತಾರೆ."

ಮಕ್ಕಳು ಗೊಳ್ಳೆಂದು ನಕ್ಕರು. ಮಗಳ ತುಟಿಯೂ ಒಂದು ಕ್ಷಣ ಅರಳಿ ಮುಚ್ಚಿಕೊಂಡಿತು. ಅಂಟಾಂಟಿಗೆ ಮಾತಿನ ಹುರುಪು ಬಂದಿತ್ತು. ಹೀಗೇ ನಗಿಸುತ್ತ ಹೋದರೆ ಮಧ್ಯಾಹ್ನ ದಾಟಿಹೋಗುತ್ತದೆ ಎಂದು ಲೆಕ್ಕ ಹಾಕಿದಳು. ಅಷ್ಟರಲ್ಲಿ ಲಾಯರ್ ಹುಬ್ಬು ಗಂಟಿಕ್ಕಿ ಕೇಳಿದಳು:

"ಮತ್ತೆ ಅವರು ಸ್ಕೂಲಿಗೆ ಯಾಕೆ ಬರೋದೇ ಇಲ್ಲ? ಮೊನ್ನೆ ಎಲ್ಲರ ಅಮ್ಮಂದಿರನ್ನೂ ಕರೆದಿದ್ರು. ನಾವು ಬಿಡಿಸಿದ ಚಿತ್ರ ತೋರಿಸೋಕೆ. ಇವಳಮ್ಮ ಒಬ್ರೇ ಬರ್ಲಿಲ್ಲ. ಫಾರಿನ್‌ಗೆ ಹೋಗಿದಾರೆ ಅಂದ್ಲು. ಹೋಗಿದ್ರಾ?"

ಇದು ಅಂಟಾಂಟಿಗೆ ಗೊತ್ತಿರಲಿಲ್ಲ. ಚಿತ್ರ ಬಿಡಿಸಿದ್ದೂ ಗೊತ್ತಿರಲಿಲ್ಲ, ಕರೆದದ್ದೂ ಗೊತ್ತಿರಲಿಲ್ಲ. ಆ ಮೊನ್ನೆಯ ದಿನ ಮನೆಯಲ್ಲೇ ಇದ್ದಳು. ಗುಳಿಗೆ ಜರಡಿ ಹಿಡಿಯುತ್ತ, ಮಗಳು ಬರುವ ಹೊತ್ತಾಯಿತೆಂದು ಬಾಗಿಲ ಕಡೆ ನೋಡುತ್ತ ಕುಳಿತಿದ್ದಳು. ಹಾಗಾದರೆ ನಾಟಕ ಇವತ್ತು ಶುರುವಾದದ್ದಲ್ಲ. ತಾನೇ ತಡವಾಗಿ ಬಂದ ಪ್ರೇಕ್ಷಕಿ.

"ಹೇಳಿ ಆಂಟಿ, ಹೋಗಿದ್ರಾ?"

"ಗೊತ್ತಿದ್ದಿದ್ರೆ ಖಂಡಿತ ಬರ್ತಿದ್ರು," ಎಂದಳು ಅಂಟಾಂಟಿ. "ಕೆಲಸಗಿಲಸ ಎಲ್ಲಾ ಬಿಸಾಕಿ ಓಡಿ ಬರ್ತಿದ್ರು. ಮಗಳಂದ್ರೆ ಅವರಿಗೆ ಪ್ರಾಣ."

ಮಗಳು ಸ್ಲೈಮನ್ನು ಬಟ್ಟಲಿಗೆ ಹಾಕಿ ಮುಚ್ಚಳ ಒತ್ತಿದಳು. ಮುಚ್ಚಳ ಕೂತ ಮೇಲೂ ಒತ್ತುತ್ತಲೇ ಇದ್ದಳು.

ಹುಟ್ಟುಹಬ್ಬದ ಹುಡುಗಿಗೆ ಈ ವಿಚಾರಣೆ ಬೇಸರ ತರಿಸಿತು. ತನ್ನ ಹುಟ್ಟುಹಬ್ಬದಲ್ಲಿ ಬೇರೆಯವರ ಅಮ್ಮನ ಮಾತೇಕೆ? ಎಲ್ಲರದೂ ಸೇರಿಸಿ ಒಂದು ದೊಡ್ಡ ಸ್ಲೈಮ್ ಮಾಡಬೇಕೆಂದು ಹಟ ಹಿಡಿದಳು. ಅಂಟಾಂಟಿ ಅಗಲವಾದ ಬೋಗುಣಿ ಇಟ್ಟು, ಉಳಿದಿದ್ದ ಅಂಟನ್ನೆಲ್ಲ ಸುರಿದು, ಮಕ್ಕಳು ಕೊಟ್ಟ ಮರಳು, ಗುಳಿಗೆ, ಸ್ಟ್ರಾ ಚೂರುಗಳನ್ನೆಲ್ಲ ಕೂಡಿಸಿ ಎರಡೂ ಕೈ ಇಳಿಬಿಟ್ಟಳು. ಅದು ದೊಡ್ಡ ಮುದ್ದೆ, ಮೊಣಕೈವರೆಗೂ ಹತ್ತಿಕೊಂಡಿತು. ಕಲಸುವ ಕೆಲಸ ಸದ್ಯಕ್ಕೆ ಆಕೆಗೆ ಒಳ್ಳೆಯದೇ ಆಯಿತು. ತಲೆ ತಗ್ಗಿಸಿ ನಿಲ್ಲಲು ಒಂದು ನೆಪ ಸಿಕ್ಕಿತು.

ಅಷ್ಟು ಹೊತ್ತಿಗೆ ಮನೆಯೊಡತಿ ಬಂದಳು. ಕಾರ್ಪೆಟ್ಟು ನೋಡಿ ಸಮಾಧಾನಪಟ್ಟುಕೊಂಡು, ಇನ್ನು ಮಕ್ಕಳನ್ನು ಕಳಿಸುವ ಹೊತ್ತಾಯಿತು, ಕಾರು ಮೊದಲು ಯಾರನ್ನು ಬಿಟ್ಟು ಬರಬೇಕು ಎಂದು ವಿಚಾರಿಸಿದಳು. ಹುಟ್ಟುಹಬ್ಬದ ಹುಡುಗಿ ಮಗಳನ್ನು ತೋರಿಸಿ, "ಅವಳಿಗೆ ಕಾರು ಬೇಡ ಅಮ್ಮ. ಈ ಆಂಟಿ ಅವಳ ಮನೆ ಕೆಲಸದವರಂತೆ. ಒಟ್ಟಿಗೇ ಹೋಗ್ತಾರೆ" ಎಂದಳು.

"ಹೌದಾ?" ಮನೆಯೊಡತಿಯ ಮುಖ ಅರಳಿತು. "ನೀವು ಆ ವಿಜ್ಞಾನಿಯವರ ಮನೆಯವರಾ? ಅವರನ್ನ ಒಂದು ಸಲ ಭೇಟಿ ಮಾಡ್ಬೇಕು ಅಂತ ಎಷ್ಟು ದಿನದಿಂದ ಅಂದ್ಕೋತಿದೀನಿ. ಹಾಗಾದ್ರೆ ಒಳ್ಳೇದೇ ಆಯ್ತು, ಮಗೂನ ನೀವೇ ಕರ್ಕೊಂಡು ಹೋಗಿ." ಆಮೇಲೆ ಒಂದು ಕ್ಷಣ ಯೋಚಿಸಿದಳು. ಜವಾಬ್ದಾರಿಯ ಹೆಂಗಸು, ಯಾರದೋ ಮಗುವನ್ನು ಯಾರದೋ ಜೊತೆ ಕಳಿಸುವವಳಲ್ಲ. "ಆದ್ರೂ ಅವರನ್ನ ಒಂದು ಮಾತು ಕೇಳೋದು ಒಳ್ಳೇದು. ನೀವು ತಪ್ಪು ತಿಳ್ಕೋಬೇಡಿ. ಸ್ಕೂಲಿಂದ ಕೊಟ್ಟ ಪಟ್ಟೀಲಿ ಅವರ ನಂಬರ್ ಇದೆ."

ಅವಳು ಫೋನ್ ತೆಗೆದು ಒತ್ತಿ ಕಿವಿಗೆ ಹಿಡಿದಳು.

ಅಂಟಾಂಟಿಗೆ ಬಾಯಿ ತೆರೆಯಲೂ ಸಮಯ ಸಿಗಲಿಲ್ಲ. ಏಪ್ರನ್ನಿನ ಜೇಬಿನಲ್ಲಿ ಫೋನು ಗಟ್ಟಿಯಾಗಿ ಹೊಡೆದುಕೊಳ್ಳತೊಡಗಿತು. ಕಂಟ್ರಾಕ್ಟರ್ ಯಾವಾಗ ಕರೆಯುತ್ತಾನೋ ಎಂದು ಸದ್ದನ್ನು ಪೂರ್ತಿ ಏರಿಸಿಟ್ಟಿದ್ದಳು. ಎರಡೂ ಕೈ ಬೋಗುಣಿಯಲ್ಲಿ ಮೊಣಕೈವರೆಗೆ ಹೂತಿದ್ದವು. ಮಕ್ಕಳು ಜೇಬು ನೋಡಿದರು. ಮನೆಯೊಡತಿ ತನ್ನ ಫೋನು ನೋಡಿ, ಆಕೆಯ ಜೇಬು ನೋಡಿ, ಮತ್ತೆ ಫೋನು ನೋಡಿದಳು. ಲಾಯರ್ ಕುರ್ಚಿಯಿಂದ ಎದ್ದು ನಿಂತಳು.

ಸುಳ್ಳು ಸಿದ್ಧವಾಗಿಯೇ ಇತ್ತು. ಅಮ್ಮಾವ್ರು ಫೋನು ಮರೆತು ಹೋಗಿದ್ದಾರೆ, ನನ್ನ ಹತ್ತಿರವೇ ಉಳಿದಿದೆ ಎಂದರೆ ಮುಗಿಯಿತು. ಒಳ್ಳೆಯ ಸುಳ್ಳು, ಯಾರೂ ಎರಡನೆಯ ಮಾತು ಆಡುತ್ತಿರಲಿಲ್ಲ. ಆದರೆ ನಾಲಗೆಯ ತುದಿಗೆ ಬಂದದ್ದು ಮುಂದೆ ಬರಲಿಲ್ಲ. ತನ್ನನ್ನು ತಾನೇ ಅಳಿಸಿಕೊಳ್ಳುವ ಕೆಲಸ ಇವತ್ತಿಗೆ ಸಾಕಾಯಿತು ಎನ್ನಿಸಿತು. ಮಗಳನ್ನು ಬಯಲಿಗೆಳೆಯುವುದೂ ಆಗದ ಮಾತು. ಫೋನು ಹೊಡೆದುಕೊಳ್ಳುತ್ತಲೇ ಇತ್ತು.

ಮಗಳು ಕುರ್ಚಿ ಹಿಂದಕ್ಕೆ ತಳ್ಳಿದಳು. ಅವಳು ಕುಳಿತಿದ್ದದ್ದು ಮೇಜಿನ ಆ ತುದಿಯಲ್ಲಿ. ಹುಟ್ಟುಹಬ್ಬದ ಹುಡುಗಿಯ ಹಿಂದಿನಿಂದ, ಲಾಯರಿನ ಪಕ್ಕದಿಂದ, ಮನೆಯೊಡತಿಯನ್ನು ದಾಟಿ, ಪ್ಲಾಸ್ಟಿಕ್ ಹಾಳೆಯ ಮೇಲೆ ಪರಪರ ಸದ್ದು ಮಾಡುತ್ತ ನಡೆದು ಬಂದಳು. ಮುಖ ಬಿಳಿಚಿಕೊಂಡಿತ್ತು. ಕಿವಿಗೆ ಸ್ಲೈಮ್ ಹಿಡಿದದ್ದು ಗೊತ್ತಿಲ್ಲದೆ ಆದದ್ದು. ಇದು ಹಾಗಲ್ಲ, ಅಷ್ಟು ಜನ ನೋಡುತ್ತಿರುವಾಗ ಇಡೀ ಮೇಜು ಸುತ್ತಿ ಬರುವಷ್ಟು ದೂರ ಯಾವ ಅಭ್ಯಾಸವೂ ಮನುಷ್ಯರನ್ನು ನಡೆಸಿಕೊಂಡು ಬರುವುದಿಲ್ಲ.

ಅವಳು ತಾಯಿಯ ಜೇಬಿಗೆ ಕೈ ಹಾಕಿ ಫೋನು ತೆಗೆದಳು. ತಾಯಿಯ ಕೈ ಅಂಟಿನಲ್ಲಿದ್ದಾಗ ಮನೆಯಲ್ಲಿ ಇದು ಅವಳದೇ ಕೆಲಸ. ಗುಂಡಿ ಒತ್ತಿ, ಹಿಮ್ಮಡಿ ಎತ್ತಿ ನಿಂತು, ತಾಯಿಯ ಕಿವಿಗೆ ಹಿಡಿದಳು.

"ಅಮ್ಮ, ಫೋನು," ಎಂದಳು.

ಅಂಟಾಂಟಿಯ ಕಣ್ಣು ತುಂಬಿ ಬಂತು. ಒರೆಸಿಕೊಳ್ಳಲು ಕೈ ಇರಲಿಲ್ಲ, ಹಾಗೆಯೇ ಕೆನ್ನೆಯ ಮೇಲೆ ಇಳಿಯಲು ಬಿಟ್ಟಳು.

"ಹಲೋ," ಎಂದಳು.

ಆ ಹಲೋ ಮನೆಯೊಡತಿಯ ಕಿವಿಯಲ್ಲಿದ್ದ ಫೋನಿನಿಂದಲೂ ಸಣ್ಣಗೆ ಕೇಳಿಸಿತು. ಪಾಪ, ಮನೆಯೊಡತಿಗೆ ಏನು ಮಾಡಬೇಕೆಂದು ತೋಚಲಿಲ್ಲ. ಒಂದು ಮಾರು ದೂರದಲ್ಲಿ ನಿಂತವಳನ್ನೇ ನೋಡುತ್ತ, ಫೋನನ್ನು ಕಿವಿಯಿಂದ ತೆಗೆಯದೆ, ಮೊದಲೇ ಯೋಚಿಸಿಟ್ಟುಕೊಂಡಿದ್ದ ಮಾತನ್ನೇ ಆಡಿದಳು.

"ನಮಸ್ಕಾರ... ಅದು... ನಿಮ್ಮ ಮಗಳನ್ನ ನಿಮ್ಮ... ಅಂದ್ರೆ, ಇವರ ಜೊತೆ ಕಳಿಸಬಹುದಾ ಅಂತ ಕೇಳೋಣ ಅಂತ..."

"ಒಂದ್ನಿಮಿಷ ಇರಿ," ಎಂದಳು ಅಂಟಾಂಟಿ ಫೋನಿಗೆ. "ಅವಳನ್ನೇ ಕೇಳ್ತೀನಿ." ಮಗಳ ಕಡೆ ತಿರುಗಿದಳು. "ಏನಮ್ಮ, ನನ್ನ ಜೊತೆ ಬರ್ತೀಯಾ?"

ಲಾಯರ್ ಬಾಯಿ ತೆರೆದುಕೊಂಡು ನಿಂತಿದ್ದಳು, ಕೇಳಬೇಕಾದ ಪ್ರಶ್ನೆಗಳೆಲ್ಲ ಅವಳ ಮುಖದಲ್ಲಿ ಸಾಲುಗಟ್ಟಿದ್ದವು. ಮಗಳು ಅವಳನ್ನು ನೋಡಿದಳು, ಹುಟ್ಟುಹಬ್ಬದ ಹುಡುಗಿಯನ್ನು ನೋಡಿದಳು, ಆಮೇಲೆ ಬೋಗುಣಿಯಲ್ಲಿ ಹೂತಿದ್ದ ತಾಯಿಯ ಕೈಗಳನ್ನು ನೋಡಿದಳು. ಫೋನು ಹಿಡಿದ ಕೈ ತಾಯಿಯ ಕಿವಿಯಿಂದ ಸರಿಯಲಿಲ್ಲ.

"ಮೊದ್ಲು ಕೈ ತೊಳ್ಕೊಂಡು ಬಾ," ಎಂದಳು. "ಡಬ್ಬಿ ಎಲ್ಲಾ ನಾನು ತುಂಬ್ತಿರ್ತೀನಿ."